ತಾಂಬಾದಿಂದ ಗುರಿಗೆಯ ಗಿರಿಗೆ

ಇಂಡಿ ತಾಲೂಕಿನ ನಮ್ಮ ತಾಂಬಾ ಗ್ರಾಮದ ಆಸುಪಾಸಿನಲ್ಲಿ ಬೆಟ್ಟವೆಂಬ ಪದಾರ್ಥವಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಡೋಣಿ. ಈ ಎರಡು ಹೊಳೆಗಳ ನಡುವೆ ಹಾಸಿದ ಎರೆಯ ಭೂಮಿಯ ಮೇಲೆ ನಿಂತು ನೋಡಿದರೆ ನಾಲ್ಕು ದಿಕ್ಕಿನಲ್ಲಿಯೂ ಆಕಾಶವು ಇಳಿದು ಬಂದು ನೆಲವನ್ನು ಮುಟ್ಟಿದ್ದೇ ಕಾಣುತ್ತದೆ. ಮಡ್ಡಿಯೆಂದು ನಾವು ಕರೆಯತಕ್ಕ ಕಲ್ಲುನೆಲವು ಅಲ್ಲಲ್ಲಿ ಒಂದೆರಡಾಳು ಎತ್ತರಕ್ಕೆ ಎದ್ದಿದ್ದರೆ ಅದೇ ನಮ್ಮ ಮೇರುಪರ್ವತ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆ. ಅದೂ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಮುಂಗಾರಿಯ ತೊಗರಿ, ಬಾವಿ ಇದ್ದವರ ಮನೆಯಲ್ಲಿ ಲಿಂಬೆಯ ತೋಟ, ಇಷ್ಟೇ ನಮ್ಮ ಸಂಪತ್ತು. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಗಿರಿಶಿಖರದ ಪುಷ್ಪವೆಂದರೆ ಅದು ಪುರಾಣ ಪ್ರವಚನದಲ್ಲಿ ಕೇಳಬೇಕಾದ ಮಾತೇ ಹೊರತು ಕಣ್ಣಿನಿಂದ ಕಾಣತಕ್ಕ ವಸ್ತುವಲ್ಲ.

ಹಾಗೆಂದು ಹೂವಿನ ವಿಷಯದಲ್ಲಿ ನಮ್ಮ ಸೀಮೆ ತೀರ ಬಡವಾದದ್ದೂ ಅಲ್ಲ. ಕುಸುಬೆಯ ಹೊಲವು ಹೂ ಬಿಟ್ಟು ಕೆಂಡವನ್ನು ಹರವಿದಂತೆ ನಿಂತಿರುವುದನ್ನು ಕಂಡವರು ಅದನ್ನು ಮರೆಯಲಾರರು. ಬದುವಿನ ಮೇಲೆ ತುಂಬೆ, ಉತ್ತರಾಣಿ, ಹಾಳುನೆಲದಲ್ಲಿ ಎಕ್ಕೆ, ಯುಗಾದಿಯ ಹೊತ್ತಿಗೆ ಬೇವಿನ ಹೂ. ಇವೆಲ್ಲವೂ ನಮ್ಮ ಮನೆಯ ಹೆಂಗಸರಿಗೆ ದೇವರ ಪೂಜೆಗೂ ಬೇಕು, ಮದ್ದಿಗೂ ಬೇಕು. ಮಕ್ಕಳಿಗೆ ನೆಗಡಿಯಾದರೆ ತುಂಬೆಯ ರಸ, ಮೊಣಕಾಲು ನೊಂದರೆ ಎಕ್ಕೆಯೆಲೆಯ ಶಾಖ, ಬೇವು ಬೆಲ್ಲದ ಮಾತನ್ನಂತೂ ಹೇಳಬೇಕಾದದ್ದಿಲ್ಲ. ಆದರೆ ಈ ಮದ್ದುಗಳಲ್ಲಿ ಒಂದು ಪ್ರಾಮಾಣಿಕತೆಯಿದೆ. ಬೇವು ಕಹಿಯಾಗಿದೆ, ತುಂಬೆಗೆ ತನ್ನ ವಾಸನೆಯಿದೆ, ಎಕ್ಕೆಯ ಹಾಲು ಕಣ್ಣಿಗೆ ತಗಲಿದರೆ ಕಣ್ಣು ಉರಿಯುತ್ತದೆ. ವಸ್ತುವು ಒಳಗಿದೆಯೆಂಬುದಕ್ಕೆ ನಾಲಗೆ, ಮೂಗು, ಚರ್ಮಗಳೇ ಸಾಕ್ಷಿ. ಇವಾವುವೂ ಮನುಷ್ಯನ ಬಾಳಿಗೆ ಗುರಿಯನ್ನು ತೋರಿಸುವೆವೆಂದು ಹೇಳಿಕೊಂಡದ್ದನ್ನು ನಾವು ಕೇಳಿದ್ದಿಲ್ಲ.

ಅಂಥ ಮಾತನ್ನು ಹೇಳುವ ಹೂವೊಂದು 2022ನೆಯ ಇಸವಿಯ ಶ್ರಾವಣದಲ್ಲಿ ಅಂಚೆಯ ಮೂಲಕ ನಮ್ಮ ಮನೆಗೆ ಬಂದಿತು. ಅದು ಬಂದ ಕಾರಣವನ್ನು ವಾಚಕರಿಗೆ ತಿಳಿಸಬೇಕು. ನಮ್ಮ ದೊಡ್ಡಪ್ಪನವರು ಸ್ವಾತಂತ್ರ್ಯ ಬಂದ ಮರುವರ್ಷ, ಅಂದರೆ 1948ರಲ್ಲಿ ಹುಟ್ಟಿದವರು. ಅರುವತ್ತು ವರ್ಷ ಮಣ್ಣಿನಲ್ಲಿ ಕೈಯಿಟ್ಟವರು. ಕೊರೊನಾ ಬೇನೆಯ ಎರಡನೆಯ ಅಲೆಯಲ್ಲಿ, 2021ರ ಬೇಸಗೆಯಲ್ಲಿ, ದೊಡ್ಡವ್ವನು ತೀರಿಕೊಂಡಳು. ಆ ವರುಷವೇ ಅವರು ಎತ್ತುಗಳನ್ನು ಮಾರಿದರು, ಹೊಲವನ್ನು ಲಾವಣಿಗೆ ಕೊಟ್ಟರು, ಕೂರಿಗೆಯನ್ನು ಅಟ್ಟದ ಮೇಲೆ ಹಾಕಿಸಿದರು. ಬಳಿಕ ಕಟ್ಟೆಯ ಮೇಲೆ ಕೂತದ್ದೇ ಕೂತದ್ದು. ಊಟಕ್ಕೆ ಕರೆದರೆ ಏಳುವರು, ಕರೆಯದಿದ್ದರೆ ಇಲ್ಲ. ಮಳೆ ಬಂದರೂ ತಲೆಯೆತ್ತಿ ಮುಗಿಲನ್ನು ನೋಡದ ಒಕ್ಕಲಿಗನನ್ನು ನಾವು ಮೊದಲ ಸಲ ಕಂಡದ್ದು ನಮ್ಮ ಮನೆಯಲ್ಲಿಯೇ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವರ ಮೊಮ್ಮಗಳು ಈ ಸುದ್ದಿಯನ್ನು ಕೇಳಿ ಕಳವಳಪಟ್ಟು, ಬೆರಳುದ್ದದ ಒಂದು ಸೀಸೆಯನ್ನು ಕಳುಹಿಸಿಕೊಟ್ಟಳು. ಎತ್ತರದ ಪರ್ವತಗಳಲ್ಲಿ ತಾನಾಗಿ ಅರಳುವ ಕಾಡುಹೂವಿನ ಸಾರವಿದು, ಬಾಳಿನ ಗುರಿಯನ್ನು ಕಳೆದುಕೊಂಡವರಿಗೆ ಅದನ್ನು ಮತ್ತೆ ಹೊಸದಾಗಿ ದೊರಕಿಸಿಕೊಡುತ್ತದೆ, ದಿನಕ್ಕೆ ನಾಲ್ಕು ಸಲ ನಾಲ್ಕು ನಾಲ್ಕು ಹನಿ ನಾಲಗೆಯ ಮೇಲೆ ಬಿಡತಕ್ಕದ್ದು, ಎಂಬುದಾಗಿ ಅದರ ಮೇಲಿನ ಚೀಟಿಯಲ್ಲಿ ಅಚ್ಚಾಗಿತ್ತು.

ದೊಡ್ಡಪ್ಪನವರು ಮುಚ್ಚಳವನ್ನು ತೆಗೆದು ಮೂಸಿದರು. "ತಮ್ಮಾ, ಇದರಾಗ ಹೂವಿನ ವಾಸನಿ ಇಲ್ಲೋ, ಸೆರೇದ ವಾಸನಿ ಐತಿ," ಎಂದು ಹೇಳಿ ಸೀಸೆಯನ್ನು ಕಟ್ಟೆಯ ಮೇಲಿಟ್ಟು ಕೈ ತೊಳೆಯಲು ಎದ್ದರು. ಹುಟ್ಟಿದಂದಿನಿಂದ ಸೆರೆಯನ್ನು ಮುಟ್ಟದ ಜೀವವದು. ಮೊಮ್ಮಗಳ ಮನಸ್ಸನ್ನು ನೋಯಿಸಲೂ ಅವರಿಗೆ ಇಷ್ಟವಿಲ್ಲ, ಆ ಹನಿಯನ್ನು ನಾಲಗೆಗೆ ಮುಟ್ಟಿಸಲೂ ಇಷ್ಟವಿಲ್ಲ. ಅದೇನೆಂಬುದನ್ನು ಓದಿ ಹೇಳುವ ಭಾರವು ನಮ್ಮ ಮೇಲೆ ಬಿತ್ತು.

ಈ ಪುಷ್ಪಸಾರಗಳ ಮೂಲಪುರುಷನು ಎಡ್ವರ್ಡ್ ಬ್ಯಾಚ್ ಎಂಬ ಇಂಗ್ಲೆಂಡಿನ ವೈದ್ಯ. 1886ರಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡವನು. ಲಂಡನ್ನಿನಲ್ಲಿ ಸೂಕ್ಷ್ಮಜೀವಿಗಳ ಶಾಸ್ತ್ರವನ್ನು ಅಭ್ಯಾಸ ಮಾಡಿ ಹೆಸರು ಪಡೆದವನಾದರೂ, ರೋಗದ ಬೇರು ಮನಸ್ಸಿನಲ್ಲಿದೆ, ಆ ಮನಸ್ಸನ್ನು ಸರಿಪಡಿಸುವ ಶಕ್ತಿ ಕಾಡುಹೂಗಳಲ್ಲಿದೆ ಎಂಬ ನಂಬಿಕೆಯು ಅವನಲ್ಲಿ ಬಲಿಯಿತು. 1930ರಲ್ಲಿ ಲಂಡನ್ನಿನ ವೃತ್ತಿಯನ್ನು ಬಿಟ್ಟು ಹೊಲಗಳಲ್ಲಿ, ಹಳ್ಳಗಳ ದಂಡೆಯಲ್ಲಿ ಅಲೆದು, ಒಂದೊಂದು ಮನೋವ್ಯಥೆಗೆ ಒಂದೊಂದರಂತೆ 38 ಮದ್ದುಗಳನ್ನು ಅವನು ಗೊತ್ತು ಮಾಡಿದನು. ವಿನೋದದ ಸಂಗತಿಯೆಂದರೆ, 1928ರಲ್ಲಿ ಅವನು ಮೊಟ್ಟಮೊದಲು ಆರಿಸಿದ ಹೂಗಳಲ್ಲಿ ಒಂದು ನಮ್ಮ ಹಿಮಾಲಯದ್ದು. ನಾವು ಅಂಗಳದಲ್ಲಿ ಬೆಳೆಸುವ ಕರ್ಣಕುಂಡಲ ಅಥವಾ ಗೌರಿಹೂವಿನ ದಾಯಾದಿ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟದ ಅಲಂಕಾರಕ್ಕೆಂದು ವಿಲಾಯತಿಗೆ ಹೋಗಿ, ಅಲ್ಲಿಯ ಹೊಳೆದಂಡೆಗಳನ್ನೆಲ್ಲ ಆಕ್ರಮಿಸಿ ಈಗ ಕಳೆಯೆಂಬ ಅಪಖ್ಯಾತಿಯನ್ನು ಹೊತ್ತಿದೆ. ತಾಳ್ಮೆಗೆಟ್ಟವರಿಗೆ ಆ ಮದ್ದು. ಬಾಳಿನಲ್ಲಿ ಯಾವ ದಾರಿ ಹಿಡಿಯಬೇಕೆಂದು ತಿಳಿಯದವರಿಗೆ ಅವನು ಹೇಳಿದ್ದು ಒಂದು ಕಾಡುಹುಲ್ಲಿನ ಹೂ. ಓಟ್ಸ್ ಎಂಬ ಧಾನ್ಯದ ಹೆಸರನ್ನು ಹೊತ್ತ ಹುಲ್ಲು ಅದು.

ಇದನ್ನು ಓದಿ ಹೇಳಿದಾಗ ದೊಡ್ಡಪ್ಪನವರ ಮುಖದಲ್ಲಿ ಬಹು ದಿನಗಳ ಮೇಲೆ ನಗೆಯು ಸುಳಿಯಿತು. "ಹುಲ್ಲಿನ ಹೂವಿನಿಂದ ಗುರಿ ಸಿಗೂದಾದ್ರ ನಮ್ಮ ಜ್ವಾಳಾನೂ ಹುಲ್ಲ ಅಲ್ಲೇನೋ? ಅರವತ್ತ ವರ್ಷ ಅದರ ಹೂವಿನಾಗ ನಿಂತೀನಿ," ಎಂದರು. ಜೋಳವೂ ಆ ಹುಲ್ಲೂ ಒಂದೇ ಕುಟುಂಬಕ್ಕೆ ಸೇರಿದವೆಂಬುದು ಸಸ್ಯಶಾಸ್ತ್ರದ ಪ್ರಕಾರವೂ ನಿಜವೇ ಆಗಿದೆ.

ಸಾರವನ್ನು ತಯಾರಿಸುವ ಬಗೆಯೂ ಕೇಳತಕ್ಕದ್ದಾಗಿದೆ. ಗಾಜಿನ ಬೋಗುಣಿಯಲ್ಲಿ ಒರತೆಯ ನೀರನ್ನು ತುಂಬಿ, ಅದರ ಮೇಲೆ ಹೂಗಳನ್ನು ತೇಲಿಬಿಟ್ಟು, ಮೋಡವಿಲ್ಲದ ಬಿಸಿಲಿನಲ್ಲಿ ಮೂರು ತಾಸು ಇಡುತ್ತಾರೆ. ಮರಗಳ ಹೂವಾದರೆ ಅರ್ಧ ತಾಸು ಕುದಿಸುವರು. ಹೂವನ್ನು ತೆಗೆದೆಸೆದು ಉಳಿದ ನೀರಿಗೆ ಸಮಪಾಲು ಬ್ರಾಂದಿಯನ್ನು ಕೂಡಿಸಿದರೆ ತಾಯಿಸಾರವಾಯಿತು. ಆ ತಾಯಿಸಾರದ ಎರಡೇ ಹನಿಗಳನ್ನು 30 ಮಿಲಿಲೀಟರು ಬ್ರಾಂದಿಗೆ ಬಿಟ್ಟರೆ ಅಂಗಡಿಯ ಸೀಸೆಯಾಯಿತು. ಅದರ ಎರಡು ಹನಿಗಳನ್ನು ಮತ್ತೆ 30 ಮಿಲಿಲೀಟರು ನೀರಿಗೆ ಬಿಟ್ಟು, ಅದರಿಂದ ನಾಲ್ಕು ನಾಲ್ಕು ಹನಿ ಸೇವಿಸುವುದು. ಮಿಲಿಲೀಟರಿಗೆ ಇಪ್ಪತ್ತು ಹನಿಯೆಂದು ಹಿಡಿದು ಗೃಹಸ್ಥರು ಲೆಕ್ಕ ಹಾಕಿ ನೋಡಬಹುದು: ಹೂ ತೇಲಿದ ನೀರಿನ ಒಂದು ಪಾಲು ಕಡೆಯ ಸೀಸೆಯಲ್ಲಿ 1,80,000 ಪಾಲುಗಳೊಳಗೆ ಅಡಗಿ ಕುಳಿತಿರುತ್ತದೆ. ಪನ್ನೀರಿನಲ್ಲಿ ಗುಲಾಬಿಯ ತೈಲವಿದೆ, ಗುಲ್ಕಂದದಲ್ಲಿ ಎಸಳೇ ಇದೆ. ಇದರಲ್ಲಿ ಹೂವಿನ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇರುವುದು ಬ್ರಾಂದಿಯ ವಾಸನೆ ಮಾತ್ರ. ಇಂಗ್ಲೆಂಡಿನ ಮೂಲ ಸೀಸೆಗಳಲ್ಲಿ ಮದ್ಯಸಾರವು ನೂರಕ್ಕೆ 27 ಪಾಲು. ದೊಡ್ಡಪ್ಪನವರ ಮೂಗು ಹೇಳಿದ್ದು ಸುಳ್ಳಲ್ಲ.

ಹಾಗಾದರೆ ಇದರಿಂದ ಗುಣವಾಗುವುದೋ ಇಲ್ಲವೋ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿದ್ದ ಎಡ್ಜಾರ್ಡ್ ಅರ್ನ್‌ಸ್ಟ್ ಎಂಬ ವಿದ್ವಾಂಸರು ಈ ವಿಷಯದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹೂಸಾರವನ್ನು ಕುಡಿದವರಿಗೂ ಬರಿಯ ತೋರಿಕೆಯ ಮದ್ದನ್ನು ಕುಡಿದವರಿಗೂ ನಡುವೆ ಯಾವ ಅಂತರವೂ ಕಂಡುಬರಲಿಲ್ಲ. ಕುಡಿದವರಲ್ಲಿ ಕೆಲವರಿಗೆ ಸಮಾಧಾನವಾಗುವುದು ಸುಳ್ಳಲ್ಲ. ಯಾರೋ ತನ್ನ ಸಲುವಾಗಿ ಚಿಂತಿಸಿ ಕಳುಹಿಸಿದರೆಂಬುದೇ ಒಂದು ಸಮಾಧಾನವಲ್ಲವೆ? ಆದರೆ ಅದರ ಕೀರ್ತಿಯು ಹೂವಿಗೆ ಸಲ್ಲಬೇಕಾದುದಲ್ಲ, ಮೊಮ್ಮಗಳಿಗೆ ಸಲ್ಲಬೇಕಾದುದು. ಮನೆಯಲ್ಲಿ ಹಿರಿಯರು ವಾರಗಟ್ಟಲೆ ಉಣ್ಣದೆ, ನಿದ್ರಿಸದೆ, ಬದುಕು ಸಾಕೆಂದು ಆಡಲಾರಂಭಿಸಿದರೆ ಹನಿಗಳನ್ನು ನಂಬಿ ದಿನ ಕಳೆಯಬಾರದು. ಅದು ಜಡ್ಡು, ಅದಕ್ಕೆ ಔಷಧವಿದೆ, ವೈದ್ಯರಿದ್ದಾರೆ. ನಾವು ದೊಡ್ಡಪ್ಪನವರನ್ನು ಜಿಲ್ಲೆಯ ಊರಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದೆವು, ನಿದ್ರೆ ಸುಧಾರಿಸಿತು. 2022ರ ಅಕ್ಟೋಬರ 10ರಿಂದ ಟೆಲಿ ಮಾನಸ್ ಎಂಬ ಸರಕಾರದ ಪುಕ್ಕಟೆ ದೂರವಾಣಿ ಸೇವೆಯೂ ಆರಂಭವಾಗಿದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.

ಇರಲಿ. ಆ ವೈದ್ಯರೇ, ಹಿರಿಯರನ್ನು ಕಟ್ಟೆಯಿಂದ ಎಬ್ಬಿಸಿ ಎಲ್ಲಿಯಾದರೂ ತಿರುಗಾಡಿಸಿರೆಂದು ಸಲಹೆ ಕೊಟ್ಟರು. ಅದೇ ದಿನಗಳಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಅರಳಿತೆಂಬ ಸುದ್ದಿಯು ಪತ್ರಿಕೆಗಳಲ್ಲಿ ಬರುತ್ತಿತ್ತು. ಸೀಸೆಯಲ್ಲಿಯ ಪರ್ವತಪುಷ್ಪಕ್ಕಿಂತ ಗಿಡದ ಮೇಲಿನ ಪರ್ವತಪುಷ್ಪವು ಮೇಲೆಂದು ನಮಗೆ ತೋರಿತು. ಕುರಿಂಜಿಯು ತಮಿಳು ಹೆಸರು. ಕನ್ನಡದಲ್ಲಿ ಅದನ್ನು ಗುರಿಗೆ, ಗುರ್ಗಿ ಎಂದು ಕರೆಯುತ್ತಾರೆ. ದೊಡ್ಡಪ್ಪನವರ ಕಿವಿ ಸ್ವಲ್ಪ ಮಂದ. "ಕೂರಿಗಿ ಹೂವೇನೋ?" ಎಂದರು. ಕೂರಿಗೆಯಲ್ಲ ದೊಡ್ಡಪ್ಪಾ, ಗುರಿಗೆ, ಎಂದೆವು. "ಯಾವ ಗುರಿಗೋ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲವಾದ್ದರಿಂದ ಬಟ್ಟೆಬರೆಗಳನ್ನು ಕಟ್ಟಲಾರಂಭಿಸಿದೆವು.

ಮಹಾನವಮಿ ಅಮಾವಾಸ್ಯೆಗೆ ಇನ್ನೂ ಕೆಲವು ದಿನಗಳಿರುವಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿಯೊಡನೆ ಹೊರಟು ವಿಜಯಪುರದಲ್ಲಿ ಗೋಲಗುಂಬಜ ಎಕ್ಸ್‌ಪ್ರೆಸ್ ಗಾಡಿಯನ್ನು ಹತ್ತಿದೆವು. ಬಾಗಲಕೋಟೆ, ಗದಗ, ಹುಬ್ಬಳ್ಳಿಗಳನ್ನು ದಾಟಿ ಬೀರೂರು, ಕಡೂರುಗಳನ್ನು ಮುಟ್ಟುವ ಈ ಗಾಡಿಯು ನಮ್ಮ ಕಡೆಯವರಿಗೆ ಮಲೆನಾಡಿನ ಬಾಗಿಲನ್ನು ತೆರೆಯುವ ಕೀಲಿಕೈಯಾಗಿದೆ. ಕಡೂರಿನಲ್ಲಿ ಇಳಿದು, ಸಖರಾಯಪಟ್ಟಣದ ಮೇಲಿನಿಂದ ಮೋಟಾರಿನಲ್ಲಿ ಸಾಗಿದರೆ ಸುಮಾರು 40 ಕಿಲೋಮೀಟರಿಗೆ ಚಿಕ್ಕಮಗಳೂರು. 2013ರಿಂದ ಕಡೂರಿನಿಂದ ಅಲ್ಲಿಗೆ ರೈಲುದಾರಿಯೂ ಆಗಿದೆ. ಎರೆಮಣ್ಣು ಕೆಮ್ಮಣ್ಣಾಗುವುದನ್ನು, ಜಾಲಿ ಹೋಗಿ ತೆಂಗು ಬರುವುದನ್ನು, ಕಡೆಗೆ ಮುಂಗಡೆಯ ಆಕಾಶದ ಅರ್ಧಭಾಗವು ಬೆಟ್ಟದಿಂದ ಮುಚ್ಚಿಹೋಗುವುದನ್ನು ದೊಡ್ಡಪ್ಪನವರು ಕಿಟಕಿಯಿಂದ ನೋಡುತ್ತಲೇ ಬಂದರು. ಒಂದು ಮಾತನ್ನೂ ಆಡಲಿಲ್ಲ.

ಚಂದ್ರದ್ರೋಣವೆಂದರೆ ಅರ್ಧಚಂದ್ರನಂತೆ ಬಾಗಿದ ಪರ್ವತಶ್ರೇಣಿ. ಬಾಬಾಬುಡನ್‌ಗಿರಿಯೆಂಬ ಹೆಸರಿನಿಂದಲೂ ಲೋಕಪ್ರಸಿದ್ಧವಾದದ್ದು. ಬಾಬಾಬುಡನ್ ಎಂಬ ಸಂತನು ಯೆಮೆನ್ ದೇಶದ ಮೋಕಾ ಬಂದರದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ನೆಟ್ಟನೆಂಬ ಐತಿಹ್ಯವನ್ನು ಕೇಳದ ಕನ್ನಡಿಗರಿಲ್ಲ. ಕೈಮರದ ಹತ್ತಿರ ದಾರಿ ಕವಲೊಡೆಯುತ್ತದೆ. ಒಂದು ಗಿರಿಯ ದರ್ಗೆಯ ಕಡೆಗೆ, ಇನ್ನೊಂದು ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿಗಳ ಕಡೆಗೆ. ಮುಳ್ಳಯ್ಯನಗಿರಿಯು 1,930 ಮೀಟರು ಎತ್ತರವಾಗಿದ್ದು ಕರ್ನಾಟಕದ ಶಿಖರಗಳಲ್ಲೆಲ್ಲ ಮೇಲಾದದ್ದು. ನಾವು ಬಾಡಿಗೆಗೆ ಹಿಡಿದ ಜೀಪು ಕಾಫಿತೋಟಗಳ ನೆರಳನ್ನು ದಾಟಿ ತಿರುವು ತಿರುವಾಗಿ ಏರಿತು. ಒಂದು ಎತ್ತರದ ಮೇಲೆ ಮರಗಳು ಫಕ್ಕನೆ ನಿಂತುಬಿಟ್ಟವು. ಅಲ್ಲಿಂದ ಮುಂದೆ ಹುಲ್ಲೇ ಹುಲ್ಲು. ಕಣಿವೆಗಳ ಮಡಿಕೆಯಲ್ಲಿ ಮಾತ್ರ ಶೋಲಾ ಎಂಬ ಕುಳ್ಳುಮರಗಳ ದಟ್ಟ ಕಾಡು. ಮಂಜು ಒಮ್ಮೆ ಬಂದು ನಮ್ಮನ್ನೆಲ್ಲ ನುಂಗಿತು, ಮರುನಿಮಿಷಕ್ಕೆ ಉಗುಳಿತು. ಹಾಗೆ ಉಗುಳಿದಾಗ ಎದುರಿನ ಇಳಿಜಾರು ಹಸಿರಾಗಿರಲಿಲ್ಲ.

ಆ ಬಣ್ಣಕ್ಕೆ ನಮ್ಮ ಸೀಮೆಯಲ್ಲಿ ಹೋಲಿಕೆ ಸಿಕ್ಕುವುದಿಲ್ಲ. ನೀಲಿಯೆಂದರೆ ಪೂರ್ತಿ ನೀಲಿಯಲ್ಲ. ನೇರಿಳೆಹಣ್ಣನ್ನು ಹಾಲಿನಲ್ಲಿ ಕಿವುಚಿದಂತೆ ಒಂದು ಕಡೆ, ಇಳಕಲ್ಲ ಸೀರೆಯ ಒಗೆದು ಮಾಸಿದ ನೀಲಿಯಂತೆ ಇನ್ನೊಂದು ಕಡೆ. ಹತ್ತಿರ ಹೋಗಿ ನೋಡಿದರೆ ಗಿಡವು ಮೊಣಕಾಲಿನಿಂದ ನಡುವಿನವರೆಗಿನ ಎತ್ತರದ್ದು, ಕಾಂಡ ಒರಟು, ಎಲೆಯ ಅಂಚು ಗರಗಸದ ಹಲ್ಲಿನಂತೆ. ಹೂವು ಒಂದು ಸಣ್ಣ ಗಂಟೆ. ಎಳೆಯದಿರುವಾಗ ಬಿಳುಪಿನ ನೀಲಿ, ಬಲಿತಂತೆ ನೇರಿಳೆಗೆ ತಿರುಗುವುದು. ಒಂಟಿ ಹೂವನ್ನು ಕಿತ್ತು ಕೈಯಲ್ಲಿ ಹಿಡಿದವನಿಗೆ, ಇದಕ್ಕಾಗಿ ಇಷ್ಟು ದೂರ ಬಂದೆವೇ ಎನಿಸೀತು. ಗಿಡಕ್ಕೆ ಗಿಡ, ದಿನ್ನೆಗೆ ದಿನ್ನೆ ಸೇರಿ ಒಂದೇ ಕಾಲಕ್ಕೆ ಅರಳುವುದರಲ್ಲಿದೆ ಇದರ ಮಹಿಮೆ. ಜೇನುಹುಳುಗಳ ಸದ್ದು ಮಾತ್ರ ಬೆಟ್ಟವೇ ಗುನುಗುಟ್ಟಿದಂತೆ ಕೇಳುತ್ತಿತ್ತು.

ದೊಡ್ಡಪ್ಪನವರು ಹೂವನ್ನು ಹೊಗಳಲಿಲ್ಲ. ಕೋಲೂರಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಗಿಡದ ಬುಡದ ಮಣ್ಣನ್ನು ಚಿವುಟಿ ನೋಡಿದರು. "ಇದಕ ಯಾರು ಬಿತ್ತ್ಯಾರ?" ಎಂದು ಜೀಪು ಚಾಲಕನನ್ನು ಕೇಳಿದರು. ಆತ ಆ ಊರಿನವನೇ. "ಯಾರೂ ಬಿತ್ತಲ್ಲ ಯಜಮಾನ್ರೇ, ತಾನೇ ಬೀಳುತ್ತೆ, ತಾನೇ ಏಳುತ್ತೆ," ಎಂದನು. ಹನ್ನೆರಡು ವರ್ಷ ಈ ಗಿಡ ಎಲೆಯನ್ನು ಬಿಡುತ್ತದೆ, ಕಡ್ಡಿಯನ್ನು ಬೆಳೆಸುತ್ತದೆ. ದಾರಿಹೋಕರು ಅದನ್ನು ಕಣ್ಣೆತ್ತಿಯೂ ನೋಡರು. ಹನ್ನೆರಡನೆಯ ವರುಷ ಒಂದೇ ಸಲ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಒಣಗಿ ಸಾಯುತ್ತದೆ. ಮುಂದಿನ ಮಳೆಗೆ ಆ ಬೀಜಗಳು ಮೊಳೆತರೆ ಮತ್ತೆ ಹನ್ನೆರಡು ವರ್ಷದ ಲೆಕ್ಕ. ದೊಡ್ಡಪ್ಪನವರು ಈ ಸಂಗತಿಯನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಎಲ್ಲ ಗಿಡಗಳೂ ಒಟ್ಟಿಗೆ ಅರಳುವುದೇಕೆಂಬುದಕ್ಕೆ ಶಾಸ್ತ್ರಜ್ಞರು ಹೇಳುವ ಕಾರಣವು ಒಕ್ಕಲಿಗನಿಗೆ ಬೇಗ ತಿಳಿಯುವಂಥಾದ್ದು. ಒಂದೇ ಹೊಲದಲ್ಲಿ ಜೋಳ ಮೊದಲು ತೆನೆಗಟ್ಟಿದರೆ ಗುಬ್ಬಿಗಳೆಲ್ಲ ಅದಕ್ಕೇ ಮುತ್ತುತ್ತವೆ; ಸೀಮೆಯೆಲ್ಲ ಒಂದೇ ವಾರದಲ್ಲಿ ತೆನೆಗಟ್ಟಿದರೆ ಗುಬ್ಬಿಗಳು ತಿಂದು ತಣಿದ ಮೇಲೂ ರಾಶಿ ಉಳಿಯುತ್ತದೆ. ಗುರಿಗೆಯ ಬೀಜಗಳ ಲೆಕ್ಕವೂ ಅದೇ. ಈ ಕುಲದಲ್ಲಿ ಹತ್ತಾರು ಜಾತಿಗಳು ಪಶ್ಚಿಮ ಘಟ್ಟಗಳಲ್ಲಿ ಇವೆ. ಒಂದೊಂದಕ್ಕೂ ಒಂದೊಂದು ಅವಧಿ. ಮಹಾರಾಷ್ಟ್ರದ ಘಟ್ಟಗಳಲ್ಲಿ ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿಯ ಕಡ್ಡಿಗಳನ್ನು ಹೆಣೆದು, ಮಣ್ಣು ಮೆತ್ತಿ ಗುಡಿಸಲಿನ ಗೋಡೆಗಳನ್ನು ಕಟ್ಟುತ್ತಾರೆ. ನೀಲಗಿರಿ, ಮುನ್ನಾರುಗಳ ಕುರಿಂಜಿ 1838ರಿಂದ ದಾಖಲೆಯಾಗುತ್ತ ಬಂದಿದ್ದು, 1994, 2006, 2018ರಲ್ಲಿ ಲೆಕ್ಕ ತಪ್ಪದೆ ಅರಳಿತು. ಕೊಡಗಿನ ಮಾಂದಲಪಟ್ಟಿಯಲ್ಲಿ 2021, ಚಂದ್ರದ್ರೋಣದಲ್ಲಿ 2022. ಒಂದೊಂದು ಬೆಟ್ಟಕ್ಕೆ ಒಂದೊಂದು ಪಂಚಾಂಗ.

ತಮಿಳುನಾಡಿನ ಬೆಟ್ಟಗಳ ಪಳಿಯರೆಂಬ ಜನರು ತಮ್ಮ ವಯಸ್ಸನ್ನು ಈ ಹೂವಿನಿಂದಲೇ ಎಣಿಸುತ್ತಿದ್ದರೆಂದು ನಾವು ಹೇಳಿದಾಗ ದೊಡ್ಡಪ್ಪನವರು ಬೆರಳು ಮಡಿಚಿ ಎಣಿಸಿದರು. "ಹಂಗಾದ್ರ ನನಗ ಆರು ಹೂವು ಆಗಿ ಮ್ಯಾಲ ಎರಡ ವರ್ಷ. ನಿಮ್ಮ ದೊಡ್ಡವ್ವಗ ಐದು ಹೂವು, ಆರನೇದು ತುಂಬಲಿಲ್ಲ," ಎಂದು ಹೇಳಿ ಸುಮ್ಮನಾದರು. ಒಂದು ವರ್ಷದಿಂದ ಅವರು ದೊಡ್ಡವ್ವನ ಮಾತನ್ನು ಬಾಯಿಂದ ತೆಗೆದಿರಲಿಲ್ಲ. ನಾವೂ ಏನೂ ಹೇಳದೆ ಅವರ ಪಕ್ಕದಲ್ಲಿ ಕೂತೆವು. ಮಂಜು ಮತ್ತೊಮ್ಮೆ ಬಂದು ಹೋಯಿತು.

ಆ ದಿವಸ ಗಿರಿಯ ಮೇಲೆ ಜನವೂ ಬಹಳವಿತ್ತು. ವಾಹನಗಳ ಸಾಲು ತಿರುವಿನಿಂದ ತಿರುವಿಗೆ ಹಬ್ಬಿತ್ತು. ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಬೇಕೆಂಬ ಹಂಬಲದಿಂದ ಕೆಲವರು ಗಿಡಗಳನ್ನು ತುಳಿದು ದಾರಿ ಮಾಡಿಕೊಂಡಿದ್ದರು. ಒಂದು ಕಡೆ ಅಂಥ ದಾರಿಯೇ ಕೊರಕಲಾಗಿ ಮಣ್ಣು ಜಾರುತ್ತಿತ್ತು. ನಾವು ಇಳಿಯುವಾಗ ನಾಲ್ಕಾರು ಹುಡುಗರು ಕೊಂಬೆಗಳನ್ನು ಮುರಿದು ಹೊರೆಯಂತೆ ಎದೆಗವಚಿಕೊಂಡು ಬರುತ್ತಿದ್ದರು. ದೊಡ್ಡಪ್ಪನವರು ಅಡ್ಡ ನಿಂತರು. ಅವರ ದನಿಯು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ್ದು. ಅದನ್ನು ನಾವು ವರ್ಷದಿಂದ ಕೇಳಿರಲಿಲ್ಲ. "ತಮ್ಮಾ, ಬಿತ್ತೂ ಬೀಜಾ ತಗೊಂಡು ಒಲಿಗಿ ಹಾಕಿದಂಗ ಆತಲ್ಲೋ ಇದು! ಹನ್ನೆರಡ ವರ್ಷ ಕಾದೈತಿ ಆ ಗಿಡಾ. ಒಂದ ಕಾಳ ಕಟ್ಟಾಕರ ಬಿಡ್ರೋ ಅದಕ!" ಹುಡುಗರಿಗೆ ವಿಜಾಪುರದ ಮಾತು ಎಷ್ಟು ತಿಳಿಯಿತೋ ಹೇಳಲಾರೆವು. ಒಬ್ಬನು ನಕ್ಕನು, ಇನ್ನೊಬ್ಬನು ತಲೆತಗ್ಗಿಸಿ ಹೊರೆಯನ್ನು ಗಿಡಗಳ ನಡುವೆ ಮೆಲ್ಲಗೆ ಇಟ್ಟು ಹೋದನು. ಮುರಿದ ಕೊಂಬೆಗೆ ಅದರಿಂದ ಪ್ರಯೋಜನವೇನೂ ಇರಲಿಲ್ಲ.

ಪ್ರತಿ ವರ್ಷ ಹೂ ಬಿಡುವ ಗಿಡದಿಂದ ಕಿತ್ತ ಹೂವಿನ ನಷ್ಟವನ್ನು ಮರುವರ್ಷವು ತುಂಬಿಕೊಡುತ್ತದೆ. ಇದಕ್ಕೆ ಮರುವರ್ಷವೆಂಬುದಿಲ್ಲ. ಕಿತ್ತ ಹೂವಿನೊಂದಿಗೆ ಅದರ ಬೀಜವೂ ಹೋಯಿತು, ಗಿಡವಂತೂ ಹೇಗಿದ್ದರೂ ಸಾಯತಕ್ಕದ್ದೇ. ಪರ್ವತಪುಷ್ಪದ ಸಾರವೆಂದು ಸೀಸೆಗಳನ್ನು ತುಂಬುವವರ ಕಣ್ಣು ಇಂಥ ಹೂವಿನ ಮೇಲೆ ಬಿದ್ದರೆ ಏನಾದೀತೆಂಬ ಯೋಚನೆಯು ನಮಗೆ ಬಾರದೆ ಇರಲಿಲ್ಲ. ಬೋಗುಣಿಯೊಂದಕ್ಕೆ ಬೇಕಾಗುವ ಹೂ ಅಲ್ಪವೇ ಇರಬಹುದು. ಆದರೆ ಬಾಳಿಗೆ ಗುರಿ ಬೇಕೆಂದು ಬೋಗುಣಿಗಳನ್ನು ಹಿಡಿದು ಬೆಟ್ಟವೇರುವವರ ಸಂಖ್ಯೆಯು ಅಲ್ಪವಾಗಿರುವುದೆಂಬ ಭರವಸೆಯೇನು? ಸುದೈವದಿಂದ, 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು ನೀಲಕುರಿಂಜಿಯನ್ನು ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿದೆ. ಈಗ ಅದನ್ನು ಕೀಳುವುದು, ಮಾರುವುದು ದಂಡಾರ್ಹವಾದ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯಕ್ಕೆ ಗುರಿಯಾದ ಜೀವಿಗಳ ಪಟ್ಟಿಯಲ್ಲಿ ಬರೆಯಿತು. ಹುಲ್ಲುಗಾವಲುಗಳನ್ನು ಅಗೆದು ಚಹದ ತೋಟ, ನೆಡುತೋಪು, ವಸತಿಗೃಹಗಳನ್ನು ಮಾಡುತ್ತ ಬಂದದ್ದು ಅದಕ್ಕೆ ದೊಡ್ಡ ಕಾರಣ. ಕೇರಳದವರು 2006ರಲ್ಲಿಯೇ ಮುನ್ನಾರಿನ ಸಮೀಪ ಕುರಿಂಜಿಮಲೆಯೆಂಬ ರಕ್ಷಿತಾರಣ್ಯವನ್ನು ಈ ಹೂವಿಗೆಂದೇ ಮೀಸಲಿಟ್ಟರು.

ಇನ್ನೂ ಎರಡು ದಿನ ಅಲ್ಲಿದ್ದು ಕೆಮ್ಮಣ್ಣುಗುಂಡಿಯನ್ನು ನೋಡಿ ಮರಳಬೇಕೆಂದು ನಾವು ಗೊತ್ತು ಮಾಡಿಕೊಂಡಿದ್ದೆವು. ಅದು ನಡೆಯಲಿಲ್ಲ. ಮರುದಿನ ನಸುಕಿನಲ್ಲಿ ದೊಡ್ಡಪ್ಪನವರು ವಸತಿಗೃಹದ ಅಂಗಳದಲ್ಲಿ ನಿಂತು ಮುಗಿಲನ್ನು ನೋಡುತ್ತಿದ್ದರು. "ಉತ್ತರಿ ಮಳಿ ಮುಗಿಯಾಕ ಬಂತು, ಹಸ್ತ ಹತ್ತತೈತಿ. ಹೊಲಾ ಹದಕ್ಕ ಬಂದಿದ್ರ ಆ ಹುಡುಗಾ ತಡಾ ಮಾಡ್ಯಾನು. ನಡೀರಿ ಊರಿಗೆ," ಎಂದರು. ಆ ಹುಡುಗನೆಂದರೆ ಲಾವಣಿಗೆ ಹೊಲ ಮಾಡಿದವನು, ಐವತ್ತು ವರುಷದ ಗೃಹಸ್ಥ. ಕೆಮ್ಮಣ್ಣುಗುಂಡಿಯ ಹೂದೋಟದ ಮಾತನ್ನು ನಮ್ಮ ಮನೆಯವರು ಎತ್ತಿ ನೋಡಿದರು, ಪ್ರಯೋಜನವಾಗಲಿಲ್ಲ.

ಊರಿಗೆ ಬಂದು ಅವರು ಅಟ್ಟದ ಮೇಲಿನ ಕೂರಿಗೆಯನ್ನು ಇಳಿಸಿದರು. ಅದರ ಒಂದು ತಾಳು ಸಡಿಲಾಗಿತ್ತು, ಬಡಿಗನನ್ನು ಕರೆಸಿದರು. ಎಲ್ಲ ಹೊಲವನ್ನೂ ಹಿಂದಕ್ಕೆ ಪಡೆಯಲಿಲ್ಲ. ಅಷ್ಟು ಕಸುವಿಲ್ಲವೆಂಬುದು ಅವರಿಗೆ ತಿಳಿದಿತ್ತು. ಹಳ್ಳದ ಮಗ್ಗುಲಿನ ಎರಡೆಕರೆಯನ್ನು ಸಮಪಾಲಿಗೆ ಮಾತಾಡಿ, ಬಾಡಿಗೆಯ ಎತ್ತುಗಳನ್ನು ಹಿಡಿಸಿ, ಹಸ್ತದ ಹದದಲ್ಲಿ ಬಿಳಿಜೋಳವನ್ನೂ ಅಕ್ಕಡಿಗೆ ಕುಸುಬೆಯನ್ನೂ ಬಿತ್ತಿಸಿದರು. ಕಟ್ಟೆಯ ಮೇಲೆ ಸುಮ್ಮನೆ ಕೂಡುವ ದಿನಗಳು ಈಗಲೂ ಇಲ್ಲವೆಂದಲ್ಲ. ವೈದ್ಯರ ಗುಳಿಗೆಗಳು ಕೆಲವು ತಿಂಗಳು ನಡೆದವು. ಮೊಮ್ಮಗಳು ದೀಪಾವಳಿಗೆ ಬಂದಾಗ ಸೀಸೆಯ ವಿಷಯ ಕೇಳಿದಳು. ಮೊಣಕಾಲಿಗೆ ಹಚ್ಚಿಕೊಂಡೆನೆಂದು ದೊಡ್ಡಪ್ಪನವರು ಹೇಳಿದರು. ಅದು ನಿಜವೋ ಚೇಷ್ಟೆಯೋ ನಮಗೆ ಗೊತ್ತಿಲ್ಲ.

ಜೀಪಿನ ಚಾಲಕನ ದೂರವಾಣಿಯ ಸಂಖ್ಯೆಯನ್ನು ಅವರು ಚೀಟಿಯಲ್ಲಿ ಬರೆಯಿಸಿಕೊಂಡು ಬಂದಿದ್ದು ನಮಗೆ ತಿಳಿದದ್ದು ಸಂಕ್ರಾಂತಿಯ ಮೇಲೆ. ಬೀಜ ಬಲಿಯಿತೇ, ಉದುರಿತೇ, ಬೆಂಕಿಗಿಂಕಿ ಬಿತ್ತೇ ಎಂದು ವಿಚಾರಿಸಲು ಕರೆ ಮಾಡಿಸಿದರು. ಗಿಡಗಳೆಲ್ಲ ಒಣಗಿ ಕಡ್ಡಿಯಾಗಿ ನಿಂತಿವೆ ಯಜಮಾನ್ರೇ, ಎಂದು ಆತನು ತಿಳಿಸಿದನು. ಮುಂದಿನ ಮಳೆಗಾಲದಲ್ಲಿ ಆ ಪುಣ್ಯಾತ್ಮನು ತಾನಾಗಿಯೇ ಒಂದು ಚಿತ್ರವನ್ನು ನಮ್ಮ ಮೊಬೈಲಿಗೆ ಕಳುಹಿಸಿದನು. ಸತ್ತ ಕಡ್ಡಿಗಳ ಬುಡದಲ್ಲಿ, ಒದ್ದೆಮಣ್ಣಿನ ಮೇಲೆ ಬೆರಳುಗುರಿನಷ್ಟು ಎಳೆಯ ಎಲೆಗಳು. ದೊಡ್ಡಪ್ಪನವರು ಕನ್ನಡಕವನ್ನು ಏರಿಸಿ ಬಹಳ ಹೊತ್ತು ನೋಡಿದರು.

"ಸಾಲ ಹಿಡದ ಬಿತ್ತಿಲ್ಲ," ಎಂದರು. "ಆದರೂ ನಾಟಿಗಿ ಚಲೋ ಆಗೈತಿ."